ಒಣಗಿದ ಕೆರೆಯ ಏರಿ

ಕೆರೆ ತುಂಬಿದ ದಿನ ಏರಿಯ ಮೇಲೆ ಜಾಗ ಸಿಗುವುದಿಲ್ಲ. ಶಾಸಕರು ಬಾಗಿನ ಬಿಡಲು ಬರುತ್ತಾರೆ, ಹುಡುಗರು ಕೋಡಿಯ ಕೆಳಗೆ ಸೀರೆ ಹಿಡಿದು ಮೀನಿಗೆ ನಿಲ್ಲುತ್ತಾರೆ, ಮುತ್ತೈದೆಯರು ಅರಿಶಿನ ಕುಂಕುಮ ಹಾಕುತ್ತಾರೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಕೆರೆ ಒಣಗಿದ ವರ್ಷಗಳಲ್ಲಿ ಅದೇ ಏರಿಯ ಮೇಲೆ ಕುರಿ ಮೇಯಿಸುವವರನ್ನು ಬಿಟ್ಟರೆ ಬೇರೆ ಯಾರೂ ಹತ್ತುವುದಿಲ್ಲ. ನನ್ನ ತಕರಾರು ಇಲ್ಲಿಂದ ಶುರು. ಮಣ್ಣಿನ ಏರಿ ಒಡೆಯುವುದು ಕೆರೆ ತುಂಬಿದ ದಿನ, ನಿಜ. ಅದು ಕೆಡುವುದು ಮಾತ್ರ ಕೆರೆ ಒಣಗಿದ ವರ್ಷಗಳಲ್ಲಿ.

ಇದನ್ನು ಹೇಳಲು ಬೇತಮಂಗಲಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಕೋಲಾರ ಜಿಲ್ಲೆಯಲ್ಲಿ, ಚಿನ್ನದ ಗಣಿಗೆ ಕೆಲವೇ ಮೈಲಿ ದೂರದಲ್ಲಿ, ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಕೆರೆ ಅದು. ನದಿ ಎಂದರೆ ಕಾವೇರಿಯಂಥದ್ದನ್ನು ಕಲ್ಪಿಸಿಕೊಳ್ಳಬೇಡಿ. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನವೆಂಬರ್‌ನಲ್ಲಿ ಇನ್ನೊಂದಿಷ್ಟು. ಪಾಲಾರ್ ಎಂಬುದು ಉಳಿದ ದಿನಗಳಲ್ಲಿ ಒಂದು ಮರಳಿನ ಪಟ್ಟಿ. ಅದು ಕರ್ನಾಟಕದಲ್ಲಿ ಹುಟ್ಟಿ, ಆಂಧ್ರದ ಒಂದು ತುದಿಯನ್ನು ಸವರಿಕೊಂಡು, ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ವೆಲ್ಲೂರುಗಳನ್ನು ದಾಟಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ 348 ಕಿಲೋಮೀಟರ್. ನಮ್ಮ ಪಾಲಿಗೆ ಅದರಲ್ಲಿ 93.

ಈ 93 ಕಿಲೋಮೀಟರಿನಲ್ಲಿ ನಮ್ಮ ಹಿಂದಿನವರು ನದಿಯನ್ನು ನದಿಯಾಗಿ ಬಿಡಲೇ ಇಲ್ಲ. ಮಳೆ ಬಿದ್ದಲ್ಲೇ ಅಡ್ಡ ಕಟ್ಟಿ, ಹೆಚ್ಚಾದದ್ದನ್ನು ಕೆಳಗಿನ ಕೆರೆಗೆ ಬಿಟ್ಟು, ಅದರಲ್ಲೂ ಹೆಚ್ಚಾದದ್ದನ್ನು ಅದಕ್ಕೂ ಕೆಳಗಿನದಕ್ಕೆ ಬಿಟ್ಟು, ಇಡೀ ಕಣಿವೆಯನ್ನು ಕೆರೆಗಳ ಸಾಲಾಗಿ ಮಾಡಿದರು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕು ಎಂಬ ಅರ್ಥದಲ್ಲಿ ಬರೆದಿದ್ದ. ಬೆಂಗಳೂರಿನ ಸ್ಯಾಂಕಿ ಕೆರೆ ಅವನ ಹೆಸರಿನದೇ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಒಂದೇ ಜಿಲ್ಲೆಯಾಗಿದ್ದಾಗ ಕೆರೆಗಳ ಲೆಕ್ಕ ನಾಲ್ಕೂವರೆ ಸಾವಿರದ ಹತ್ತಿರ ಇತ್ತು. ಬೇತಮಂಗಲ ಆ ಸಾಲಿನ ಕೆಳತುದಿಯ ದೊಡ್ಡ ಕೆರೆಗಳಲ್ಲಿ ಒಂದು. ಅದರ ಕೆಳಗೆ ರಾಮಸಾಗರ, ಆಮೇಲೆ ಗಡಿ.

ಕೆರೆಯ ವಯಸ್ಸು ಕೇಳಿದರೆ ಉತ್ತರ ಸುಲಭವಲ್ಲ, ಯಾಕೆಂದರೆ ಇದನ್ನು ಒಮ್ಮೆ ಕಟ್ಟಿ ಮುಗಿಸಿದವರು ಯಾರೂ ಇಲ್ಲ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸ ವಿಜಯಾದಿತ್ಯನಿಂದ ಬಂದ ಹೆಸರೆಂದು ಇತಿಹಾಸಕಾರರ ಊಹೆ. ಶಾಸನತಜ್ಞ ರೈಸ್ 1905ರಲ್ಲಿ ಅಚ್ಚು ಹಾಕಿಸಿದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ತೆಗೆದರೆ ಈ ಕೆರೆಯ ಏರಿ ಎರಡು ಸಲ ರಿಪೇರಿಯಾದ ಸಂಗತಿ ಸಿಗುತ್ತದೆ. ಸುಮಾರು ಕ್ರಿ.ಶ. 950ರಲ್ಲಿ ನೊಳಂಬ ಅರಸು ಇರಿವನೊಳಂಬ ಅದನ್ನು ಸರಿಮಾಡಿಸಿದ. ಇನ್ನೂರು ವರ್ಷಗಳ ಮೇಲೆ, 1155ರಲ್ಲಿ, ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಮತ್ತೆ ಸರಿಮಾಡಿಸಿದ. ಅಂದರೆ ನಮಗೆ ಗೊತ್ತಿರುವ ಈ ಕೆರೆಯ ಚರಿತ್ರೆ ಆರಂಭವಾಗುವುದೇ ರಿಪೇರಿಯಿಂದ. ಕಟ್ಟಿಸಿದವನ ಹೆಸರಿಗಿಂತ ಕಟ್ಟೆ ಕಿತ್ತುಹೋದಾಗ ಮಣ್ಣು ಹಾಕಿಸಿದವನ ಹೆಸರು ಕಲ್ಲಿನ ಮೇಲೆ ಉಳಿದಿರುವುದು ನನಗೆ ಬಹಳ ಸರಿ ಎನ್ನಿಸುತ್ತದೆ.

ಆ ಕಾಲದವರು ಈ ರಿಪೇರಿಯನ್ನು ದಾನಿಗಳ ಮರ್ಜಿಗೂ ಬಿಟ್ಟಿರಲಿಲ್ಲ. ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ಕೆರೆಯ ಕೆಳಗೆ ಇಷ್ಟು ಗದ್ದೆ ಎಂದು ಕೊಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದೆಲ್ಲ ಶಾಸನಗಳಲ್ಲಿ ಬರುವುದು ಇಂಥ ಏರ್ಪಾಟುಗಳೇ. ಕೆರೆ ಕೆಟ್ಟರೆ ಅವನ ಗದ್ದೆಗೂ ನೀರಿಲ್ಲ. ಇದಕ್ಕಿಂತ ಗಟ್ಟಿಯಾದ ಗುತ್ತಿಗೆ ಕರಾರು ಈಗಿನ ಟೆಂಡರ್ ಪುಸ್ತಕದಲ್ಲಿ ಸಿಗುವುದು ಕಷ್ಟ.

ಇನ್ನು ಏರಿಯ ವಿಷಯ. ಮಣ್ಣಿನ ಕಟ್ಟೆ ನೀರನ್ನು ತಡೆಯುವುದು ತನ್ನ ತೂಕದಿಂದ ಮತ್ತು ಅಗಲದಿಂದ. ಕೆಳಗೆ ಬಹಳ ಅಗಲ, ಮೇಲೆ ಒಂದು ಗಾಡಿ ಹೋಗುವಷ್ಟು. ನೀರಿನ ಕಡೆಯ ಇಳಿಜಾರಿಗೆ ಅಲೆ ಹೊಡೆಯದಂತೆ ಕಲ್ಲು ಜೋಡಿಸಿರುತ್ತಾರೆ, ಗದ್ದೆಯ ಕಡೆಗೆ ಹುಲ್ಲು. ಒಳಗೆ ಜೇಡಿಮಣ್ಣು. ನೀರು ಈ ಮಣ್ಣಿನೊಳಗೆ ಹೋಗುವುದೇ ಇಲ್ಲ ಎಂದು ತಿಳಿದವರುಂಟು. ಹೋಗುತ್ತದೆ. ಪ್ರತಿಯೊಂದು ಮಣ್ಣಿನ ಕಟ್ಟೆಯೂ ಜಿನುಗುತ್ತದೆ. ಜಿನುಗು ಎಷ್ಟು ನಿಧಾನ, ಹೊರಗೆ ಎಲ್ಲಿ ಬರುತ್ತದೆ, ಯಾವ ಬಣ್ಣದಲ್ಲಿ ಬರುತ್ತದೆ ಎನ್ನುವುದೇ ಎಲ್ಲ. ಏರಿಯ ಬುಡದಲ್ಲಿ ತಿಳಿನೀರು ಸಣ್ಣಗೆ ಒಸರುತ್ತಿದ್ದರೆ ಗಾಬರಿಯಿಲ್ಲ, ಅಲ್ಲಿ ಕೆಸುವಿನ ಸೊಪ್ಪು ಬೆಳೆದುಕೊಂಡವರೂ ಇದ್ದಾರೆ. ಅದೇ ನೀರು ಕೆಂಪಾಗಿ ಬರಲು ಶುರುವಾದರೆ ಏರಿಯ ಒಳಗಿನ ಮಣ್ಣು ಹೊರಗೆ ಹೋಗುತ್ತಿದೆ ಎಂದರ್ಥ. ಒಂದು ಕಣ ಹೋದ ಜಾಗದಲ್ಲಿ ನೀರು ಇನ್ನೂ ಜೋರಾಗಿ ನುಗ್ಗುತ್ತದೆ, ಅದು ಎರಡು ಕಣ ಎಳೆದೊಯ್ಯುತ್ತದೆ, ಹೊರಗಿನಿಂದ ಒಳಗಿನವರೆಗೆ ಒಂದು ಕೊಳವೆಯೇ ಆಗಿಬಿಡುತ್ತದೆ. ಅಮೆರಿಕದ ಐಡಾಹೊ ರಾಜ್ಯದಲ್ಲಿ ಟೀಟನ್ ಎಂಬ ಮುನ್ನೂರು ಅಡಿ ಎತ್ತರದ ಮಣ್ಣಿನ ಅಣೆಕಟ್ಟು 1976ರ ಜೂನ್ 5ರಂದು ಹೋದದ್ದು ಹೀಗೆ. ಬೆಳಿಗ್ಗೆ ಕೆಸರು ನೀರು ಒಸರುವುದು ಕಂಡಿತು. ಬುಲ್ಡೋಜರ್ ತಂದು ತೂತು ಮುಚ್ಚಲು ನೋಡಿದರು. ಮಧ್ಯಾಹ್ನವಾಗುವ ಮೊದಲೇ ಕಟ್ಟೆ ಇರಲಿಲ್ಲ. ಹನ್ನೊಂದು ಜನ ಸತ್ತರು. ಅದು ಹೊಸ ಅಣೆಕಟ್ಟು, ಅದೇ ಅದರ ಮೊದಲ ತುಂಬುವಿಕೆ.

ಈ ಮೊದಲ ತುಂಬುವಿಕೆ ಎನ್ನುವ ಮಾತನ್ನು ಹಿಡಿದುಕೊಳ್ಳಿ. ಮಣ್ಣಿನ ಕಟ್ಟೆಗಳ ಆಯಸ್ಸಿನಲ್ಲಿ ಅತಿ ಅಪಾಯದ ಹೊತ್ತು ಅದೇ ಎಂದು ಎಂಜಿನಿಯರುಗಳು ಹೇಳುತ್ತಾರೆ. ಹದಿನೈದು ವರ್ಷ ಒಣಗಿದ್ದ ಕೆರೆ ಒಂದು ರಾತ್ರಿಯ ಮಳೆಗೆ ತುಂಬಿದರೆ ಅದೂ ಒಂದು ಬಗೆಯ ಮೊದಲ ತುಂಬುವಿಕೆಯೇ, ಕಟ್ಟೆಗೆ ಸಾವಿರ ವರ್ಷ ವಯಸ್ಸಾಗಿದ್ದರೂ ಸರಿ. ಆ ಹದಿನೈದು ವರ್ಷದಲ್ಲಿ ಏನೇನಾಗಿರುತ್ತದೆ? ಜೇಡಿಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ, ಬಿರುಕು ಮೇಲಿನಿಂದ ಕಾಣುವುದಕ್ಕಿಂತ ಆಳ. ಹೆಗ್ಗಣ, ಇಲಿ, ಮುಳ್ಳುಹಂದಿ ಬಿಲ ತೋಡಿರುತ್ತವೆ. ಗೆದ್ದಲು ಏರಿಯ ಒಳಗೆ ಊರೇ ಕಟ್ಟಿರುತ್ತದೆ. ಸೀಮೆಜಾಲಿ ಬೆಳೆದಿರುತ್ತದೆ. ಜಾಲಿಯ ಬೇರು ಮಣ್ಣು ಹಿಡಿದಿಡುತ್ತದೆ ಎಂದು ವಾದಿಸುವವರು ಆ ಮರ ಸತ್ತ ಮೇಲೆ ಬೇರು ಕೊಳೆತು ಏನಾಗುತ್ತದೆ ಎಂದು ಯೋಚಿಸಿರುವುದಿಲ್ಲ: ಏರಿಯ ಅಡ್ಡಕ್ಕೆ ಕೈಗಾತ್ರದ ಟೊಳ್ಳು ಕೊಳವೆ. ಗದ್ದೆ ಕಡೆಯ ಇಳಿಜಾರಿನ ಮಣ್ಣನ್ನು ಯಾರೋ ಇಟ್ಟಿಗೆ ಗೂಡಿಗೆ ಹೊಡೆದಿರುತ್ತಾರೆ. ನೀರಿನ ಕಡೆಯ ಕಲ್ಲು ಯಾರದೋ ಮನೆಯ ಪಾಯಕ್ಕೆ ಹೋಗಿರುತ್ತದೆ. ತೂಬಿನ ಗೇಟು ತುಕ್ಕು ಹಿಡಿದು ಕೂತಿರುತ್ತದೆ, ಮೇಲೆತ್ತಲೂ ಬಾರದು, ಕೆಳಗಿಳಿಸಲೂ ಬಾರದು. ಪ್ರತಿ ವರ್ಷ ನೀರು ನಿಲ್ಲುವ ಕೆರೆಯಲ್ಲಿ ಇವೆಲ್ಲ ಒಂದೊಂದಾಗಿ ಕಾಣುತ್ತವೆ, ಒಂದೊಂದಾಗಿ ಸರಿಹೋಗುತ್ತವೆ. ಒಣಕೆರೆಯಲ್ಲಿ ಒಟ್ಟಿಗೆ ಒಂದೇ ರಾತ್ರಿ ಲೆಕ್ಕ ಕೇಳುತ್ತವೆ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಕೊಚ್ಚಿಹೋದರು. ಅದು ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆಗಿನ ಮಂತ್ರಿಯೊಬ್ಬರು ಏಡಿಗಳು ಬಿಲ ತೋಡಿದ್ದರಿಂದ ಹೀಗಾಯಿತು ಎಂದುಬಿಟ್ಟರು. ದೇಶವೇ ನಕ್ಕಿತು. ನಗುವುದು ಸರಿ, ಆದರೆ ಏಡಿ ಬಿಲ ತೋಡುವುದೂ ನಿಜ. ಬಿಲ ಮುಚ್ಚಿಸಬೇಕಾದವರು ಯಾರು ಎನ್ನುವುದಷ್ಟೇ ಪ್ರಶ್ನೆಯಾಗಿತ್ತು.

ಕಟ್ಟೆ ಹೋಗಲು ಇನ್ನೊಂದು ದಾರಿ ಇದೆ, ಅದು ಇನ್ನೂ ಸರಳ. ನೀರು ಏರಿಯ ನೆತ್ತಿಯ ಮೇಲಿಂದ ಹರಿದರೆ ಮಣ್ಣು ತಡೆಯದು. ಕಾಂಕ್ರೀಟು, ಕಲ್ಲಿನ ಅಣೆಕಟ್ಟಾದರೆ ಮೇಲಿಂದ ನೀರು ಬಿದ್ದರೂ ಸ್ವಲ್ಪ ಹೊತ್ತು ನಿಂತೀತು. ಮಣ್ಣಿನದು ಕೊರೆದುಕೊಂಡೇ ಹೋಗುತ್ತದೆ. ಅದಕ್ಕೇ ಕೋಡಿ. ಏರಿಯ ನೆತ್ತಿಗಿಂತ ಇಷ್ಟು ಅಡಿ ಕೆಳಗೆ, ಗಟ್ಟಿ ನೆಲ ಇರುವ ಒಂದು ತುದಿಯಲ್ಲಿ, ಕಲ್ಲು ಕಟ್ಟಿದ ಒಂದು ಅಗಲವಾದ ಬಾಯಿ. ನೀರು ಆ ಮಟ್ಟ ಮುಟ್ಟಿದ ಕೂಡಲೇ ತಾನಾಗಿಯೇ ಹೊರಗೆ. ಗೇಟಿಲ್ಲ, ಮೋಟರಿಲ್ಲ, ಸರಪಳಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಅರ್ಧ ರಾಜ್ಯ ನಿದ್ದೆಗೆಟ್ಟಿದ್ದನ್ನು ನೆನೆದರೆ ಕೋಡಿ ಕಂಡುಹಿಡಿದ ಪುಣ್ಯಾತ್ಮನಿಗೆ ಕೈಮುಗಿಯಬೇಕು. ಏರಿಯ ಉದ್ದ, ಎತ್ತರ ನೋಡಿ ಕೆರೆ ದೊಡ್ಡದು ಎನ್ನುವುದು ನಮ್ಮ ರೂಢಿ. ಬಲ್ಲವರು ಕೋಡಿಯ ಅಗಲ ನೋಡುತ್ತಾರೆ.

ಇಷ್ಟು ಸರಳವಾದದ್ದನ್ನು ಕೆಡಿಸುವುದೂ ಅಷ್ಟೇ ಸರಳ. ಕೋಡಿಯ ಮೇಲೆ ಸಾಲಾಗಿ ಗಿಡ್ಡ ಕಲ್ಲುಕಂಬ ನೆಟ್ಟಿರುವುದನ್ನು ಹಳೆಯ ಕೆರೆಗಳಲ್ಲಿ ನೋಡಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಲ್ಲುಗಳ ನಡುವೆ ಮಣ್ಣು, ಹುಲ್ಲುಹೆಂಟೆ ಒಟ್ಟಿ ಒಂದೆರಡು ಅಡಿ ಹೆಚ್ಚು ನೀರು ನಿಲ್ಲಿಸಿಕೊಳ್ಳುವುದು, ಮತ್ತೆ ದೊಡ್ಡ ಮಳೆಯ ಸೂಚನೆ ಕಂಡರೆ ಅದನ್ನು ಕಿತ್ತುಹಾಕುವುದು ಹಿಂದಿನ ಪದ್ಧತಿ. ಹಾಕುವುದನ್ನು ಇಂದಿಗೂ ಮರೆತಿಲ್ಲ, ಕೀಳುವವನು ಇಲ್ಲ. ಕೆಲವು ಕಡೆ ಮಣ್ಣಿನ ಬದಲು ಸಿಮೆಂಟೇ ಹಾಕಿ ಕೋಡಿ ಎತ್ತರಿಸುತ್ತಾರೆ. ಮೀನಿನ ಗುತ್ತಿಗೆ ಹಿಡಿದವರು ಮರಿ ಹೊರಗೆ ಹೋಗದಿರಲೆಂದು ಬಲೆ ಕಟ್ಟುತ್ತಾರೆ, ಬಲೆಗೆ ಅಂತರಗಂಗೆ, ಪ್ಲಾಸ್ಟಿಕ್ಕು ಸಿಕ್ಕಿ ಗೋಡೆಯಾಗುತ್ತದೆ. ಇನ್ನು ಕೆರೆಯ ಅಂಗಳದಲ್ಲಿ ಉಳುವವರು ನೀರು ಕಡಿಮೆ ನಿಲ್ಲಲಿ ಎಂದು ಕೋಡಿಯನ್ನು ಒಡೆಯುವುದೂ ಉಂಟು. ಒಬ್ಬನಿಗೆ ಎತ್ತರ ಬೇಕು, ಇನ್ನೊಬ್ಬನಿಗೆ ತಗ್ಗು. ಇಬ್ಬರ ನಡುವೆ ಕೋಡಿಯ ಮಟ್ಟ ಕಾಯುವವನೊಬ್ಬ ಇರಬೇಕಾಗಿತ್ತು.

ಇದ್ದ. ನೀರಗಂಟಿ. ಯಾವ ಗದ್ದೆಗೆ ಯಾವ ದಿನ ನೀರು, ತೂಬು ಎಷ್ಟು ಎತ್ತಬೇಕು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ಮಳೆ ರಾತ್ರಿಯಲ್ಲಿ ಕೋಡಿ ಎಷ್ಟು ಹೋಗುತ್ತಿದೆ ಎನ್ನುವುದೆಲ್ಲ ಅವನ ಜವಾಬ್ದಾರಿ. ನೀರಗಂಟಿಯ ನೆನಪನ್ನು ಹೊಗಳಿ ಬರೆಯುವುದು ಈಚೆಗೆ ಫ್ಯಾಷನ್ ಆಗಿದೆ. ಆದರೆ ಆ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳಿಗೆ ಹುಟ್ಟಿನಿಂದ ಅಂಟಿಕೊಂಡದ್ದು, ಕೂಲಿ ಎಂದರೆ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಅಳೆದುಕೊಟ್ಟ ಒಂದಿಷ್ಟು ಕಾಳು ಎನ್ನುವುದನ್ನು ಆ ಹೊಗಳಿಕೆಯಲ್ಲಿ ಯಾರೂ ಸೇರಿಸುವುದಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆ ಒಳ್ಳೆಯದೇ ಮಾಡಿತು. ತಪ್ಪು ನಡೆದದ್ದು ಆಮೇಲೆ: ಹಳೆಯ ವ್ಯವಸ್ಥೆ ಹೋಯಿತು, ಕೆಲಸ ಮಾತ್ರ ಉಳಿಯಿತು, ಅದಕ್ಕೆ ಸಂಬಳ ಕೊಟ್ಟು ಒಬ್ಬನನ್ನು ನೇಮಿಸಬೇಕೆಂದು ಯಾರಿಗೂ ತೋಚಲಿಲ್ಲ.

ಬೇತಮಂಗಲದ ಕೆರೆಗೆ ಮಾತ್ರ ಒಂದು ಕಾಲದಲ್ಲಿ ಬೇರೆಯೇ ಅದೃಷ್ಟ ಖುಲಾಯಿಸಿತು. ಬೆಂಗಳೂರು ಕವಲಿನ ರೈಲು 1864ರಲ್ಲಿ ಬಂದು ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆ, ಬೆಳೆದ ಮೇಲೆ ಬೇತಮಂಗಲ ಸೊರಗಿತ್ತು. ತಾಲೂಕು ಕೇಂದ್ರದ ಪಟ್ಟವೂ ಕೈಬಿಟ್ಟಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಚಿನ್ನ ಸಿಕ್ಕಿತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳನ್ನು ಹಿಡಿಯಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಕರೆಂಟು ಬಂದರೂ ಕುಡಿಯುವ ನೀರಿಲ್ಲದ ಊರು ಕೆಜಿಎಫ್. ಕಲ್ಲುಬಂಡೆಯ ನೆಲ, ಹತ್ತಾರು ಸಾವಿರ ಕಾರ್ಮಿಕರು, ಕಾಲರಾ ಪ್ಲೇಗುಗಳ ಕಾಲ. ಆಗ ಕಣ್ಣು ಬಿದ್ದದ್ದು ಬೇತಮಂಗಲದ ಕೆರೆಯ ಮೇಲೆ. 20ನೇ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಜಲಾಗಾರ ಕಟ್ಟಿ, ಪಾಲಾರ್ ನೀರನ್ನು ಶೋಧಿಸಿ, ಪಂಪು ಹೊಡೆದು ಗಣಿಯೂರಿಗೆ ಕಳಿಸತೊಡಗಿದರು. ಭತ್ತಕ್ಕೆಂದು ಕಟ್ಟಿದ ನೀರು ನಲ್ಲಿಗೆ ಹೋಯಿತು. ಅಚ್ಚುಕಟ್ಟಿನ ರೈತ ಇದರಿಂದ ಗೆದ್ದನೇ ಸೋತನೇ ಎನ್ನುವುದು ಬೇರೆ ಚರ್ಚೆ. ಏರಿಯ ದೃಷ್ಟಿಯಿಂದ ನೋಡಿದರೆ ಗೆಲುವೇ: ನೀರು ದಿನವೂ ಬೇಕಾದವರು ದಿನವೂ ಕೆರೆಯನ್ನು ನೋಡುತ್ತಾರೆ. ಪಂಪ್‌ಹೌಸಿನಲ್ಲಿ ಸಿಬ್ಬಂದಿ, ಮಟ್ಟ ಬರೆದಿಡುವ ಪುಸ್ತಕ, ಮೇಲೆ ಎಂಜಿನಿಯರು. ಮೂರು ಕಿಲೋಮೀಟರಿಗೂ ಆಳದ ಗಣಿಯೊಳಗೆ ಇಳಿಯುತ್ತಿದ್ದವರ ಬಾಯಾರಿಕೆ, ಮೇಲಿದ್ದ ಒಂದು ಮಣ್ಣಿನ ಕಟ್ಟೆಯ ಮೇಲೆ ನಿಂತಿತ್ತು.

ಅದೇ ದಶಕದಲ್ಲೇ ಪಾಲಾರ್ ಸಾಲಿನ ಕೆರೆಗಳ ದೊಡ್ಡ ಅನಾಹುತವೂ ನಡೆದದ್ದು. 1903ರ ನವೆಂಬರ್. ಭಾರಿ ಮಳೆಗೆ ಮೈಸೂರು ಸೀಮೆಯ ಕೆರೆಗಳು ಒಂದಾದ ಮೇಲೊಂದು ಒಡೆದವು. ಮೇಲಿನ ಕೆರೆ ಒಡೆದರೆ ಅದರ ಅಷ್ಟೂ ನೀರು ಕೆಲವೇ ಗಂಟೆಯಲ್ಲಿ ಕೆಳಗಿನದಕ್ಕೆ ಬಂದು ಬೀಳುತ್ತದೆ. ಕೆಳಗಿನ ಕೋಡಿ ಮಳೆಯ ನೀರಿಗೆ ಅಳೆದು ಕಟ್ಟಿದ್ದೇ ಹೊರತು ಇನ್ನೊಂದು ಕೆರೆಯ ಹೊಟ್ಟೆಯ ನೀರಿಗಲ್ಲ. ನೀರು ಏರಿಯ ನೆತ್ತಿ ಹತ್ತುತ್ತದೆ, ಅದೂ ಹೋಗುತ್ತದೆ. ಹೀಗೆ ಪ್ರತಿ ಕೆರೆಯೂ ತನ್ನ ನೀರನ್ನು ಸೇರಿಸುತ್ತ ಬಂದ ಪ್ರವಾಹ ನವೆಂಬರ್ 12ರಂದು ವಾಣಿಯಂಬಾಡಿಗೆ ನುಗ್ಗಿ ಊರಿನ ದೊಡ್ಡ ಭಾಗವನ್ನು ಕೊಚ್ಚಿಹಾಕಿತು. ಇನ್ನೂರರಷ್ಟು ಜನ ಸತ್ತರು. ಅವರು ನಮ್ಮ ರಾಜ್ಯದವರಲ್ಲ. ನಮ್ಮ ಕೆರೆಗಳ ಚರಿತ್ರೆ ಬರೆಯುವಾಗ ಅವರ ಲೆಕ್ಕ ಅದರಲ್ಲಿ ಬರುವುದಿಲ್ಲ. ಬರಬೇಕಾಗಿತ್ತು ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಸಾಲುಕೆರೆ ಎಂಬ ಏರ್ಪಾಟಿನ ಒಳ್ಳೆಯದನ್ನು ನಾವು ಸದಾ ಹಾಡುತ್ತೇವೆ. ಒಂದರ ಅಸಡ್ಡೆ ಇನ್ನೊಂದರ ಕತ್ತಿಗೆ ಬರುತ್ತದೆ ಎನ್ನುವ ಅದರ ಇನ್ನೊಂದು ಮುಖ ಗಡಿಯಾಚೆಗೆ ಹೋಗಿ ನೋಡಿದರೇ ಕಾಣುವುದು.

ಗಡಿಯ ಮಾತು ಬಂದಾಗ ಪೋರುಮಾಮಿಳ್ಳ ಶಾಸನ ನೆನಪಾಗುತ್ತದೆ. ಕಡಪ ಜಿಲ್ಲೆಯ ಆ ಊರಿನಲ್ಲಿ 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನು ಹೇಳಿ, ಇರಬಾರದ ಆರು ದೋಷಗಳನ್ನೂ ಹೇಳುತ್ತದೆ. ಕಟ್ಟೆ ಒಸರುವುದು, ಚೌಳು ನೆಲ, ಕೆರೆಯ ನಡುವೆ ಆಮೆಬೆನ್ನಿನಂತೆ ಉಬ್ಬು, ನೀರು ಕಡಿಮೆ ಬಂದು ಗದ್ದೆ ಹೆಚ್ಚಿರುವುದು, ಗದ್ದೆ ಕಡಿಮೆಯಿದ್ದು ನೀರು ಹೆಚ್ಚು ಬರುವುದು, ಇವೆಲ್ಲ ಎಂಜಿನಿಯರನ ಮಾತುಗಳು. ಆರರಲ್ಲಿ ಇನ್ನೊಂದು ಮಾತ್ರ ರಾಜಕೀಯ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬಾರದು.

ಪಾಲಾರ್ ಕಣಿವೆಯಲ್ಲಿ ಆ ದೋಷ ಆಮೇಲೆ ಬಂದು ಸೇರಿತು. 1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದ್ರಾಸ್ ಮಾಡಿಕೊಂಡ ಒಪ್ಪಂದದಲ್ಲಿ ಹದಿನೈದು ನದಿಗಳ ಪಟ್ಟಿ ಇದೆ. ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಆ ನದಿಗಳಿಗೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ. ಕಾವೇರಿ, ತುಂಗಭದ್ರೆಯ ಸಾಲಿನಲ್ಲಿ ನಮ್ಮ ಬಡಪಾಯಿ ಪಾಲಾರೂ ಉಂಟು. ಕಾವೇರಿಯ ಜಗಳ ಎಲ್ಲರಿಗೂ ಗೊತ್ತು. ಪಾಲಾರಿನದು ಸಣ್ಣ ದನಿಯಲ್ಲಿ ಇಂದಿಗೂ ನಡೆದಿದೆ. ಕುಪ್ಪಂ ಕಡೆ ಆಂಧ್ರ ಕಟ್ಟಿದ ಚೆಕ್‌ಡ್ಯಾಂಗಳ ಮೇಲೆ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿದೆ. ಬರ ಬಂದ ವರ್ಷ ಮೂರೂ ರಾಜ್ಯಗಳು ಹನಿ ಹನಿಗೂ ವಕೀಲರನ್ನಿಡುತ್ತವೆ. ಪ್ರವಾಹದ ರಾತ್ರಿ ಮೇಲಿನ ಕೋಡಿಯಲ್ಲಿ ಎಷ್ಟು ಹೋಗುತ್ತಿದೆ ಎಂದು ಕೆಳಗಿನ ತಾಲೂಕು ಕಚೇರಿಗೆ ಹೇಳುವ ಒಂದು ಫೋನ್ ಕರೆಗೆ ಯಾವ ಒಪ್ಪಂದವೂ ಬೇಕಿಲ್ಲ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಕ್ಕೂ ಮುಂಚೆಯೇ ಪಾಲಾರ್ ಸೋಲುತ್ತ ಬಂದಿತ್ತು. ಜಲಾನಯನದ ತುಂಬ ನೀಲಗಿರಿ ತೋಪು, ಸಾವಿರ ಅಡಿ ದಾಟಿದ ಬೋರ್‌ವೆಲ್ಲು, ಮುಚ್ಚಿಹೋದ ರಾಜಕಾಲುವೆ. ಮೇಲಿನ ಕೆರೆಗಳೇ ತುಂಬದಿದ್ದರೆ ಸಾಲಿನ ಕೆಳಗಿರುವ ಬೇತಮಂಗಲಕ್ಕೆ ಕೋಡಿ ನೀರು ಎಲ್ಲಿಂದ ಬರಬೇಕು? ಕೆರೆ ವರ್ಷಗಟ್ಟಲೆ ಖಾಲಿ ಬಿತ್ತು, ಕೆಜಿಎಫ್ ಟ್ಯಾಂಕರ್ ನೀರಿನ ಊರಾಯಿತು. ಹೂಳೆತ್ತುವ ಯೋಜನೆಗಳು ಬಂದವು. 2002ರಲ್ಲಿ ವಿಶ್ವ ಬ್ಯಾಂಕ್ ಸಾಲದ ಕೆರೆ ಅಭಿವೃದ್ಧಿ ಯೋಜನೆ ಶುರುವಾದಾಗ ಕೋಲಾರವೂ ಅದರಲ್ಲಿತ್ತು. ಹೂಳು ಎತ್ತುವುದು ಬೇಡ ಎನ್ನುವುದಿಲ್ಲ. ಆದರೆ ಹೂಳಿಗೆ ಬಿಲ್ಲು ಬರೆಯಲು ಸುಲಭ, ಇಷ್ಟು ಘನಮೀಟರ್ ಎಂದರೆ ಮುಗಿಯಿತು. ಇಲಿಬಿಲ ಮುಚ್ಚಿದ್ದಕ್ಕೆ, ಜಾಲಿ ಬೇರುಸಮೇತ ಕಿತ್ತು ಕಲಸಿದ ಮಣ್ಣು ಗುದ್ದಿದ್ದಕ್ಕೆ, ತೂಬಿಗೆ ಎಣ್ಣೆ ಬಿಟ್ಟದ್ದಕ್ಕೆ ಯಾವ ಗುತ್ತಿಗೆದಾರ ಬರುತ್ತಾನೆ?

ಕಾನೂನೂ ಈ ಕಡೆ ಹೆಚ್ಚು ನೋಡುವುದಿಲ್ಲ. ಸಂಸತ್ತು 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿತು, ಮಳೆಗಾಲದ ಮೊದಲು ಮತ್ತು ಆಮೇಲೆ ಪರಿಶೀಲನೆ ಕಡ್ಡಾಯ ಮಾಡಿತು. ಅದು ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು, ಕೆಲವು ಷರತ್ತುಗಳಿದ್ದರೆ 10 ಮೀಟರಿನಿಂದ ಮೇಲಿನವನ್ನು. ನಮ್ಮ ಸಾಲುಕೆರೆಗಳಲ್ಲಿ ಬಹುಪಾಲು ಆ ಅಳತೆಗೆ ಬರುವುದೇ ಇಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತಿ. ಅಪಾಯದ ಲೆಕ್ಕದಲ್ಲಿ ಸಾಲಿನ ಮೇಲ್ತುದಿಯ ಸಣ್ಣ ಕೆರೆಯೇ ಮೊದಲ ದಾಳ. ಜವಾಬ್ದಾರಿಯ ಲೆಕ್ಕದಲ್ಲಿ ಅದೇ ಕೊನೆಯದು.

ಈಗ ಕಥೆಗೆ ಹೊಸ ತಿರುವು ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಸಿ ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎನ್ನುವುದು ಮೊದಲ ಹಂತದ ಗುರಿ. ಆ ನೀರಿನ ಗುಣದ ಬಗ್ಗೆ, ನೊರೆಯ ಬಗ್ಗೆ, ಎರಡೇ ಹಂತದ ಶುದ್ಧೀಕರಣ ಸಾಕೇ ಎನ್ನುವ ಬಗ್ಗೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ವಾದ ನಡೆದಿದೆ. ಏರಿಯ ಬಗ್ಗೆ ಯಾರೂ ವಾದಿಸಿಲ್ಲ. ದಶಕಗಳಿಂದ ಒಣಗಿದ್ದ ಕಟ್ಟೆಗಳಿಗೆ ಏಕಾಏಕಿ ವರ್ಷಪೂರ್ತಿ ನೀರು ಒತ್ತಿ ನಿಂತರೆ ಏನಾಗುತ್ತದೆ ಎನ್ನುವುದು ಒಂದು. ಎರಡನೆಯದು ಇನ್ನೂ ಮುಖ್ಯ. ಹಿಂದೆ ಅಕ್ಟೋಬರಿನ ಮಳೆ ಬರುವಾಗ ಕೆರೆಗಳು ಅರೆಖಾಲಿ ಇರುತ್ತಿದ್ದವು. ಮೊದಲ ದೊಡ್ಡ ಮಳೆಯನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದವು. ಪಂಪಿನ ನೀರಿನಿಂದ ಮೊದಲೇ ತುಂಬಿ ನಿಂತ ಕೆರೆ ಬಿದ್ದದ್ದನ್ನೆಲ್ಲ ಆ ಕ್ಷಣವೇ ಕೋಡಿಗೆ ತಳ್ಳುತ್ತದೆ. ಕೆಳಗಿನದಕ್ಕೂ ಅದೇ ಸ್ಥಿತಿ. ಬರದ ನಾಡಿಗೆ ನೀರು ತಂದದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಸೆಪ್ಟೆಂಬರಿಗೆ ಮೊದಲು ಪಂಪು ನಿಲ್ಲಿಸಿ, ತೂಬು ಎತ್ತಿ, ಒಂದೆರಡು ಅಡಿ ಖಾಲಿ ಇಟ್ಟುಕೊಳ್ಳಿ ಎನ್ನುತ್ತೇನೆ. ಅದಕ್ಕೆ ತೂಬು ಎತ್ತಲು ಬರುವಂತಿರಬೇಕು, ಅಷ್ಟೇ.

2021ರ ನವೆಂಬರ್‌ನಲ್ಲಿ ಇದೆಲ್ಲದರ ಪರೀಕ್ಷೆ ಆಯಿತು. ವಾರಗಟ್ಟಲೆ ಮಳೆ. ಕೋಲಾರದ ಕೆರೆಗಳು ಕೋಡಿ ಹೋದವು, ಬೇತಮಂಗಲವೂ ಹೋಯಿತು, ಪಾಲಾರ್ ದಡ ಮೀರಿ ಹರಿಯಿತು. ವೆಲ್ಲೂರು, ರಾಣಿಪೇಟೆಯವರು 1903ನ್ನು ನೆನೆದರು. ನಮ್ಮ ಕಡೆ ಜನ ಕುರಿ ಕೊಯ್ದು ಗಂಗೆ ಪೂಜೆ ಮಾಡಿದರು. ಮಾಡಬೇಕಾದದ್ದೇ, ಎಷ್ಟೋ ಮಕ್ಕಳು ಕೋಡಿ ಹೋಗುವುದನ್ನು ನೋಡಿದ್ದು ಅದೇ ಮೊದಲು. ಆ ಮೊದಲು ಎನ್ನುವುದೇ ನನಗೆ ಚುಚ್ಚುವುದು. ಕೋಡಿ ಕಾಲುವೆ ಯಾವ ದಾರಿಯಲ್ಲಿ ಹೋಗುತ್ತಿತ್ತೆಂದು ಗೊತ್ತಿಲ್ಲದ ಒಂದು ತಲೆಮಾರು ಆ ದಾರಿಯಲ್ಲೇ ಸೈಟು ಮಾಡಿ, ಮನೆ ಕಟ್ಟಿ, ಲೈಟು ಕಂಬ ಹಾಕಿಸಿಕೊಂಡಿತ್ತು. ನೀರಿಗೆ ತನ್ನ ದಾರಿ ಗೊತ್ತಿತ್ತು, ಅದು ಅಲ್ಲೇ ಬಂತು.

ಬೇತಮಂಗಲ ಈಗ ಕೆಜಿಎಫ್ ತಾಲೂಕಿಗೆ ಸೇರಿದೆ. ಆ ತಾಲೂಕಿನಲ್ಲಿ ಮತ್ತು ಮೇಲಿನ ಬಂಗಾರಪೇಟೆ, ಕೋಲಾರ ತಾಲೂಕುಗಳಲ್ಲಿ ಮಾಡಬಹುದಾದ ಕೆಲಸಕ್ಕೆ ಕೋಟಿ ಬೇಕಿಲ್ಲ. ಬೇಸಿಗೆಯಲ್ಲಿ, ಕೆರೆ ಖಾಲಿಯಿರುವಾಗಲೇ, ಉದ್ಯೋಗ ಖಾತರಿ ಕೂಲಿಯಲ್ಲಿ ಏರಿಯ ಎರಡೂ ಮೈ ಬೋಳಿಸಿ ಬಿಲ, ಬಿರುಕು ಹುಡುಕಬಹುದು. ಕೋಡಿಯ ಪಕ್ಕದ ಕಲ್ಲಿಗೆ ಅಡಿ ಲೆಕ್ಕದಲ್ಲಿ ಕಪ್ಪು ಬಿಳಿ ಪಟ್ಟೆ ಬಳಿಯಬಹುದು. ಪ್ರತಿ ಕೆರೆಗೆ ಒಬ್ಬ ನೀರಗಂಟಿಯನ್ನು, ಜಾತಿ ನೋಡದೆ, ತಿಂಗಳ ಸಂಬಳಕ್ಕೆ ಪಂಚಾಯತಿ ಇಟ್ಟುಕೊಳ್ಳಬಹುದು. ನವೆಂಬರಿನ ರಾತ್ರಿ ಅವನು ಆ ಪಟ್ಟೆ ನೋಡಿ ಕೆಳಗಿನ ಕೆರೆಯವನಿಗೆ ಫೋನ್ ಮಾಡಬೇಕು, ಅವನು ಅವನ ಕೆಳಗಿನವನಿಗೆ. ರಾಮಸಾಗರದವನ ಬಳಿ ಆಂಧ್ರದ ಒಂದು ನಂಬರು ಇರಬೇಕು, ವಾಣಿಯಂಬಾಡಿಯ ಒಂದು ನಂಬರೂ ಇರಬೇಕು. ಕೋಲಾರದ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮಾತಾಡುವವರಿಗೆ ಬರವಿಲ್ಲ.